ಪುಟ್ಟ ಹಾಯಿದೋಣಿಯಲ್ಲಿ ಬಹಾಮಾಸ್‌ಗೆ: ಚಳಿಗಾಲದ ಯಾನವನ್ನು ಯೋಜಿಸುವುದು ಹೇಗೆ?

ನಕ್ಷೆ ನೋಡಿದರೆ ದ್ವೀಪದೇಶ ಬಹಾಮಾಸ್ ಅಮೆರಿಕದ ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ಫ್ಲೋರಿಡಾದ ಮಯಾಮಿಯಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಸುಮಾರು 45 ನಾಟಿಕಲ್ ಮೈಲಿ ಹೋದರೆ ಬಿಮಿನಿ ದ್ವೀಪ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಅಲ್ಲಿಗೆ ಒಟ್ಟು ದೂರ 83 ಕಿಲೋಮೀಟರ್ ಆಯಿತು. ಇಪ್ಪತ್ತಾರು ಅಡಿಯ ದೋಣಿ ಸರಾಸರಿ 5 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿಯಂತೆ ಸಾಗಿದರೂ ಒಂಬತ್ತು ಗಂಟೆಯ ದಾರಿ. ಬೆಳಗ್ಗೆ ಬಿಟ್ಟರೆ ಸಂಜೆಗೆ ಅಲ್ಲಿರಬಹುದು, ಅಲ್ವಾ?

ಆದರೆ ಪ್ರತಿ ಚಳಿಗಾಲದಲ್ಲೂ ಮಯಾಮಿ ಪಕ್ಕದ ಕೀ ಬಿಸ್ಕೇನ್ ಹತ್ತಿರ ದೋಣಿಗಳು ಲಂಗರು ಹಾಕಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತಿರುತ್ತವೆ. ಅಲ್ಲಿರುವವರಿಗೆ ದೋಣಿ ನಡೆಸಲು ಬರುವುದಿಲ್ಲ ಎಂದಲ್ಲ. ಅವರು ಗಾಳಿ ಸರಿಯಾದ ದಿಕ್ಕಿಗೆ ತಿರುಗಲಿ ಎಂದು ಕಾಯುತ್ತಿದ್ದಾರೆ. ಈ ಯಾನದ ಯೋಜನೆ ಅಂದರೆ ಯಾವ ತಾರೀಕಿಗೆ ಎಲ್ಲಿರಬೇಕು ಎಂಬ ಪಟ್ಟಿ ಅಲ್ಲ. ಗಾಳಿ ಹೀಗಿದ್ದರೆ ಎಲ್ಲಿಗೆ ಹೋಗುವುದು, ಅದು ತಿರುಗಿದರೆ ಎಲ್ಲಿ ಅಡಗುವುದು ಎಂಬ ಲೆಕ್ಕ. ಉಳಿದದ್ದೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಉತ್ತರಕ್ಕೆ ಓಡುವ ನೀರು

ಫ್ಲೋರಿಡಾಕ್ಕೂ ಬಹಾಮಾಸ್‌ಗೂ ನಡುವೆ ಗಲ್ಫ್ ಸ್ಟ್ರೀಮ್ ಹರಿಯುತ್ತದೆ. ಬೆಚ್ಚಗಿನ, ಕಡುನೀಲಿ ನೀರು. ದಿಕ್ಕು ಉತ್ತರ. ಈ ಜಲಸಂಧಿಯ ಅಗಲದ ಉದ್ದಕ್ಕೂ ಸರಾಸರಿ ತೆಗೆದರೆ ವೇಗ ಸುಮಾರು 2.5 ನಾಟ್. ನಡುಭಾಗದಲ್ಲಿ 4 ನಾಟ್ ಕೂಡ ಮುಟ್ಟುತ್ತದೆ. 1513ರಲ್ಲಿ ಸ್ಪೇನಿನ ಪೋನ್ಸೆ ದೆ ಲಿಯೋನ್‌ನ ಹಡಗುಗಳು ಫ್ಲೋರಿಡಾ ದಂಡೆಯ ಪಕ್ಕ ದಕ್ಷಿಣಕ್ಕೆ ಹೋಗಲು ನೋಡಿದವು. ಗಾಳಿ ಚೆನ್ನಾಗಿಯೇ ಇತ್ತು. ಆದರೂ ಹಡಗುಗಳು ಹಿಂದಕ್ಕೆ ಸರಿದವು. ನಮ್ಮ ಪುಟ್ಟ ದೋಣಿಯ ಕಷ್ಟವೂ ಇಲ್ಲೇ ಇದೆ. ನೀರು 2.5 ನಾಟ್‌ನಲ್ಲಿ ಓಡುತ್ತಿದೆ, ನಾವು ಹೋಗುವುದೇ 5 ನಾಟ್. ನಮ್ಮ ವೇಗದ ಅರ್ಧದಷ್ಟು ವೇಗದಲ್ಲಿ ಅದು ನಮ್ಮನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಮಯಾಮಿಯಿಂದ ದೋಣಿಯ ಮೂತಿಯನ್ನು ನೇರ ಪೂರ್ವಕ್ಕೆ ಇಟ್ಟು ಒಂಬತ್ತು ಗಂಟೆ ಸಾಗಿದರೆ ನಾವು ಬಿಮಿನಿಗಿಂತ 22 ಮೈಲಿ ಉತ್ತರದಲ್ಲಿ, ಏನೂ ಇಲ್ಲದ ಕಡೆ ಇರುತ್ತೇವೆ. ತುಂಬಿದ ಹೊಳೆ ದಾಟುವ ಅಂಬಿಗ ಎದುರು ದಡಕ್ಕಿಂತ ಮೇಲಕ್ಕೆ ಗುರಿಯಿಟ್ಟು ಹುಟ್ಟು ಹಾಕುವ ಹಾಗೆ ನಾವೂ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿ ಹಿಡಿಯಬೇಕು. ಎಷ್ಟು? 5 ನಾಟ್ ದೋಣಿಗೆ, 2.5 ನಾಟ್ ಸೆಳೆತಕ್ಕೆ ಸರಿಯಾಗಿ 30 ಡಿಗ್ರಿ. ಆಗ ಪೂರ್ವಕ್ಕೆ ಸಿಗುವ ನಿಜವಾದ ವೇಗ 4.3 ನಾಟ್‌ಗೆ ಇಳಿಯುತ್ತದೆ. ಒಂಬತ್ತು ಗಂಟೆಯ ದಾರಿ ಹತ್ತೂವರೆ ಗಂಟೆ ಆಗುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಇರುವುದೇ ಹೆಚ್ಚುಕಡಿಮೆ ಅಷ್ಟು ಹೊತ್ತು.

ದೊಡ್ಡ ದೋಣಿಗೆ ಈ ಕೋನ ಅಷ್ಟು ಕಾಡುವುದಿಲ್ಲ. 8 ನಾಟ್‌ನಲ್ಲಿ ಹೋಗುವವರಿಗೆ ಅದು 18 ಡಿಗ್ರಿ ಅಷ್ಟೇ. ಚಿಕ್ಕ ದೋಣಿಗೆ ಎಂಜಿನ್ ಬದಲಾಯಿಸಿ ವೇಗ ಹೆಚ್ಚಿಸೋಣ ಅಂದರೆ ಅದೂ ಆಗದು. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟಿದೆಯೋ ಅದೇ ವೇಗಕ್ಕೆ ಮಿತಿ ಹಾಕುತ್ತದೆ. ಆ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಹತ್ತಿರ ಹತ್ತಿರ ಗರಿಷ್ಠ ವೇಗ ನಾಟ್‌ನಲ್ಲಿ ಸಿಗುತ್ತದೆ. ನಮ್ಮ ಇಪ್ಪತ್ತಾರು ಅಡಿಯ ದೋಣಿ ನೀರಿನ ಮಟ್ಟದಲ್ಲಿ 22 ಅಡಿ ಇದ್ದರೆ 6.3 ನಾಟ್. ಸಾಮಾನು ತುಂಬಿ, ಅಲೆಗಳಲ್ಲಿ ಕುಲುಕುತ್ತಾ ಹೋಗುವಾಗ 5 ಸಿಕ್ಕರೆ ಚೆನ್ನ.

ಹಾಗಾಗಿ ಚಿಕ್ಕ ದೋಣಿಯವರು ಒಂದು ಉಪಾಯ ಮಾಡುತ್ತಾರೆ. ಮಯಾಮಿಯಿಂದ ಹೊರಡದೆ, ಮೊದಲು ಫ್ಲೋರಿಡಾ ಕೀಸ್ ಎಂಬ ದ್ವೀಪಸಾಲಿನ ಒಳದಾರಿ ಹಿಡಿದು ದಕ್ಷಿಣಕ್ಕೆ ಇಳಿಯುತ್ತಾರೆ. ಕೀ ಲಾರ್ಗೋ ಹತ್ತಿರದ ಏಂಜೆಲ್‌ಫಿಶ್ ಕ್ರೀಕ್ ಬಿಮಿನಿಗಿಂತ ಸುಮಾರು 24 ಮೈಲಿ ದಕ್ಷಿಣದಲ್ಲಿದೆ. ಅಲ್ಲಿಂದ ಮೂತಿಯನ್ನು ಪೂರ್ವಕ್ಕಿಟ್ಟು ಸುಮ್ನೆ ಸಾಗಿದರೆ ಉತ್ತರಕ್ಕೆ ಒಯ್ಯುವ ಕೆಲಸವನ್ನು ಪ್ರವಾಹವೇ ಮಾಡುತ್ತದೆ. ನನ್ನ ಪ್ರಕಾರ 5 ನಾಟ್ ದೋಣಿಗೆ ಇದೇ ಸರಿಯಾದ ದಾರಿ. ಶುರುವಿನಲ್ಲಿ ಒಂದು ದಿನ ಜಾಸ್ತಿ ಹಿಡಿಯುತ್ತದೆ, ಆದರೆ ದಾಟುವ ದಿನ ಹೋರಾಟ ಇರುವುದಿಲ್ಲ.

ಎಲ್ಲಿಂದ ಹೊರಟರೂ ಬೆಳಗಿನ ಜಾವ ಎರಡು ಮೂರು ಗಂಟೆಗೇ ಬಿಡುವುದು ವಾಡಿಕೆ. ಕಾರಣ ಇಷ್ಟೇ. ಮೊದಲ ಕೆಲವು ಗಂಟೆಗಳಲ್ಲಿ ಎದುರಾಗುವುದು ತೆರೆದ, ಆಳವಾದ ನೀರು. ಅಲ್ಲಿ ಕತ್ತಲಾದರೂ ಪರವಾಗಿಲ್ಲ, ದೊಡ್ಡ ಹಡಗುಗಳ ಮೇಲೆ ಕಣ್ಣಿಟ್ಟರೆ ಆಯಿತು. ಆದರೆ ಬಿಮಿನಿಯ ಮರಳದಿಬ್ಬಗಳ ನಡುವೆ ನುಗ್ಗುವಾಗ ಬೆಳಕು ಬೇಕೇ ಬೇಕು. ಅದೂ ಮಧ್ಯಾಹ್ನದ ಮೇಲೆ ತಲುಪಿದರೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ನೀರಿನ ತಳ ಸಲೀಸಾಗಿ ಕಾಣುತ್ತದೆ.

ಗಾಳಿ ಸುತ್ತು ಹಾಕುವ ಕ್ರಮ

ಸೆಳೆತದ್ದು ಬರೀ ಲೆಕ್ಕ. ಅಪಾಯ ತರುವುದು ಅದರ ಮೇಲೆ ಬೀಸುವ ಗಾಳಿ. ಪ್ರವಾಹ ಉತ್ತರಕ್ಕೆ ಓಡುವಾಗ ಗಾಳಿ ಉತ್ತರದಿಂದ ಎದುರಾಗಿ ಬೀಸಿದರೆ ಅಲೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಎತ್ತರವಾಗುತ್ತವೆ, ಗೋಡೆಯಂತೆ ಕಡಿದಾಗುತ್ತವೆ. ಬೇರೆ ಕಡೆ 15 ನಾಟ್ ಗಾಳಿ ಅಂದರೆ ಹಾಯಿದೋಣಿಗೆ ಹಬ್ಬ. ಇಲ್ಲಿ ಅದೇ 15 ನಾಟ್ ಉತ್ತರದಿಂದ ಬಂದರೆ ದೋಣಿಯ ಹಿಂದೆ ತೂಗುವ ಔಟ್‌ಬೋರ್ಡ್ ಮೋಟರಿನ ಪ್ರೊಪೆಲರ್ ಅಲೆ ಅಲೆಗೂ ಗಾಳಿಯಲ್ಲಿ ತಿರುಗುತ್ತದೆ. ಮುನ್ಸೂಚನೆಯಲ್ಲಿ ವಾಯವ್ಯ, ಉತ್ತರ, ಈಶಾನ್ಯ, ಈ ಮೂರರಲ್ಲಿ ಯಾವುದಿದ್ದರೂ ಹೊರಡಬೇಡಿ. ಗಾಳಿ ನಿಂತ ಕೂಡಲೇ ಸಮುದ್ರ ತಣ್ಣಗಾಗುವುದಿಲ್ಲ. ಅದಕ್ಕೂ ಒಂದು ದಿನ ಕೊಡಿ.

ಚಳಿಗಾಲದಲ್ಲಿ ಈ ಉತ್ತರದ ಗಾಳಿ ಎಲ್ಲಿಂದ ಬರುತ್ತದೆ? ಉತ್ತರ ಅಮೆರಿಕದ ನೆಲದ ಮೇಲಿನ ತಣ್ಣನೆಯ ಗಾಳಿಯ ರಾಶಿ ಆಗಾಗ ದಕ್ಷಿಣಕ್ಕೆ ಜಾರುತ್ತದೆ. ಅದರ ಮುಂದಿನ ಅಂಚಿಗೆ ಕೋಲ್ಡ್ ಫ್ರಂಟ್ ಎನ್ನುತ್ತಾರೆ. ಚಳಿಗಾಲದ ನಡುವೆ ಅಂದಾಜು ವಾರಕ್ಕೊಂದು ಬರುತ್ತದೆ, ಕೆಲವೊಮ್ಮೆ ಇನ್ನೂ ಬೇಗ. ಬರುವಾಗ ಗಾಳಿ ಒಂದು ಕ್ರಮದಲ್ಲಿ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಮಾಮೂಲಿ ದಿನಗಳಲ್ಲಿ ಬೀಸುವುದು ಪೂರ್ವದ ಗಾಳಿ. ಫ್ರಂಟ್ ಹತ್ತಿರ ಬಂದಂತೆ ಅದು ಆಗ್ನೇಯಕ್ಕೆ, ದಕ್ಷಿಣಕ್ಕೆ, ನೈಋತ್ಯಕ್ಕೆ ಸರಿದು ಮೆತ್ತಗಾಗುತ್ತದೆ. ಫ್ರಂಟ್ ದಾಟುವಾಗ ಪಶ್ಚಿಮ, ತಕ್ಷಣ ವಾಯವ್ಯ. ಆಮೇಲೆ ಉತ್ತರ, ಈಶಾನ್ಯ. ಹಿಂದೆ ಬರುವ ಅಧಿಕ ಒತ್ತಡದ ವಲಯ ನಮ್ಮ ಉತ್ತರದಲ್ಲಿ ಹಾದುಹೋಗುವ ತನಕ ಈಶಾನ್ಯದಿಂದ 20, 25 ನಾಟ್ ಗಾಳಿ ಎರಡು ಮೂರು ದಿನ ಒಂದೇ ಸಮನೆ ಹೊಡೆಯುತ್ತದೆ. ಕೊನೆಗೆ ಮತ್ತೆ ಪೂರ್ವ.

ಇಲ್ಲೊಂದು ತಮಾಷೆ ಇದೆ. ಗಲ್ಫ್ ಸ್ಟ್ರೀಮ್ ದಾಟಲು ಬೇಕಿರುವುದು ಆಗ್ನೇಯದಿಂದ ನೈಋತ್ಯದವರೆಗಿನ ಹಗುರ ಗಾಳಿ. ಅದು ಸಿಗುವುದು ಮುಂದಿನ ಫ್ರಂಟ್ ಬರುವುದಕ್ಕೆ ಸ್ವಲ್ಪ ಮುಂಚೆ. ದಾಟಲು ಅನುಕೂಲವಾದ ಇಂಥ ಅವಧಿಗೆ ಕಿಟಕಿ ಎನ್ನುತ್ತಾರೆ. ಅಂದರೆ ಒಳ್ಳೆಯ ಕಿಟಕಿ ತೆರೆದಿದೆ ಎನ್ನುವ ಹೊತ್ತಿಗೇ ಅದು ಮುಚ್ಚುವ ಗಳಿಗೆಯೂ ಹತ್ತಿರದಲ್ಲಿರುತ್ತದೆ. ಹತ್ತೂವರೆ ಗಂಟೆಯ ದಾರಿಗೆ ಹನ್ನೆರಡು ಗಂಟೆಯ ಕಿಟಕಿ ನೋಡಿ ಹೊರಡುವವರಿದ್ದಾರೆ. ಎಂಜಿನ್ ಒಂದು ಗಂಟೆ ಕೈಕೊಟ್ಟರೂ ಆ ಲೆಕ್ಕ ಬಿದ್ದುಹೋಗುತ್ತದೆ. ಕನಿಷ್ಠ ಇಪ್ಪತ್ತನಾಲ್ಕು ಗಂಟೆಯ ಕಿಟಕಿ ಇಲ್ಲದೆ ಚಿಕ್ಕ ದೋಣಿ ಹೊರಡಬಾರದು ಎಂಬುದು ನನ್ನ ಅಭಿಪ್ರಾಯ. ಗಾಳಿ ತೀರಾ ಕಡಿಮೆಯಾಗಿ ಅರ್ಧ ದಾರಿ ಎಂಜಿನ್ ಹಾಕಬೇಕಾಗಿ ಬಂದರೆ ಬೇಸರಪಡಬೇಡಿ. ಸಣ್ಣ ಡೀಸೆಲ್ ಎಂಜಿನ್ ಗಂಟೆಗೆ ಎರಡು ಲೀಟರ್ ಕುಡಿಯಬಹುದು, ಅಷ್ಟೇ ತಾನೆ?

ದಾಟುವ ಮುನ್ನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ದೋಣಿಯನ್ನು, ಅಂದರೆ ಡಿಂಗಿಯನ್ನು ಮೇಲೆತ್ತಿ ಕಟ್ಟಿ. ಎಳೆದುಕೊಂಡು ಹೋದರೆ ಅಲೆಗೆ ಮಗುಚಬಹುದು, ಇಲ್ಲ ಹಗ್ಗ ಹರಿಯಬಹುದು.

ಯಾವ ತಿಂಗಳು, ಯಾವ ದ್ವೀಪ

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದನ್ನು ಬಿಟ್ಟರೆ ಉಳಿಯುವುದು ಡಿಸೆಂಬರ್‌ನಿಂದ ಮೇ ತನಕ. ಇದರಲ್ಲಿ ಡಿಸೆಂಬರ್, ಜನವರಿ, ಫೆಬ್ರವರಿ ಫ್ರಂಟ್‌ಗಳ ಕಾಲ. ಮಾರ್ಚ್ ಕಳೆದಂತೆ ಅವು ದುರ್ಬಲವಾಗಿ ಗಾಳಿ ಪೂರ್ವ, ಆಗ್ನೇಯದಿಂದಲೇ ಬೀಸತೊಡಗುತ್ತದೆ. ರಜೆ ಎರಡೇ ವಾರ ಇದ್ದರೆ ಜನವರಿಯಲ್ಲಿ ಹೋಗಬೇಡಿ. ಎರಡೂ ವಾರ ಫ್ಲೋರಿಡಾದಲ್ಲೇ ಕಾಯುತ್ತಾ ಕಳೆದುಹೋಗಬಹುದು. ಏಪ್ರಿಲ್ ನೋಡಿ. ಎರಡು ಮೂರು ತಿಂಗಳು ಕೈಯಲ್ಲಿದ್ದವರು ಮಾತ್ರ ಡಿಸೆಂಬರ್‌ನಲ್ಲಿ ಹೊರಟು ಚಳಿಗಾಲವನ್ನು ಅಲ್ಲೇ ಕಳೆಯಬಹುದು.

ದ್ವೀಪಗಳ ಆಯ್ಕೆಯೂ ಇದಕ್ಕೇ ಅಂಟಿಕೊಂಡಿದೆ. ಉತ್ತರದ ಅಬಾಕೋ 26, 27 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಪ್ರತಿ ಫ್ರಂಟೂ ಪೂರ್ತಿ ಬಲದಲ್ಲಿ ತಟ್ಟುತ್ತದೆ, ಜನವರಿಯಲ್ಲಿ ಸ್ವೆಟರ್ ಬೇಕಾಗುತ್ತದೆ. ದಕ್ಷಿಣದ ಎಕ್ಸೂಮಾ ದ್ವೀಪಮಾಲೆ 24 ಡಿಗ್ರಿಯ ಆಸುಪಾಸಿನಲ್ಲಿದೆ. ಫ್ರಂಟ್ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನಡುಚಳಿಗಾಲಕ್ಕೆ ಎಕ್ಸೂಮಾ, ವಸಂತಕ್ಕೆ ಅಬಾಕೋ ಎಂದು ಜನ ಆರಿಸಿಕೊಳ್ಳುವುದು ಈ ಕಾರಣಕ್ಕೆ.

ಬಿಮಿನಿ ದಾಟಿದ ಮೇಲೆ

ಬಿಮಿನಿಯ ಆಚೆ ಸಮುದ್ರದ ಗುಣವೇ ಬೇರೆ. ನೂರಾರು ಮೀಟರ್ ಆಳದ ನೀರಿನಿಂದ ಒಮ್ಮೆಲೇ ಮೂರು, ಐದು ಮೀಟರ್ ಆಳದ ಗ್ರೇಟ್ ಬಹಾಮಾ ಬ್ಯಾಂಕ್ ಮೇಲೆ ಬರುತ್ತೇವೆ. ಸುಣ್ಣಕಲ್ಲಿನ ವಿಶಾಲ ದಿಬ್ಬ ಅದು. ಪೂರ್ವದ ಅಂಚಿನ ನಾರ್ತ್‌ವೆಸ್ಟ್ ಚಾನೆಲ್‌ಗೆ 60 ಮೈಲಿಯ ಹತ್ತಿರ. 5 ನಾಟ್‌ಗೆ ಅದು ಹನ್ನೆರಡು ಗಂಟೆ, ಅಂದರೆ ಹಗಲಿಗಿಂತ ಉದ್ದ. ಹಾಗಾಗಿ ಗಾಳಿ ಮೆತ್ತಗಿರುವ ದಿನ ಹೊರಟು, ಕತ್ತಲಾದಾಗ ಹಡಗುದಾರಿಯಿಂದ ಒಂದೆರಡು ಮೈಲಿ ಪಕ್ಕಕ್ಕೆ ಸರಿದು, ದಿಬ್ಬದ ಮೇಲೆಯೇ ಲಂಗರು ಹಾಕಿ ಮಲಗುತ್ತಾರೆ. ಸುತ್ತ ಎಲ್ಲೂ ನೆಲ ಕಾಣದ ಜಾಗದಲ್ಲಿ ಮೂರು ಮೀಟರ್ ನೀರಲ್ಲಿ ಲಂಗರು! ಹಾಯಿಕಂಬದ ತುದಿಯ ದೀಪ ಮಾತ್ರ ಮರೆಯಬಾರದು.

ಅಲ್ಲಿಂದ ಬೆರಿ ದ್ವೀಪಗಳ ಚಬ್ ಕೇ, ಆಮೇಲೆ ಸುಮಾರು 35 ಮೈಲಿಗೆ ರಾಜಧಾನಿ ನಸ್ಸಾವ್, ಅಲ್ಲಿಂದ ಮೂವತ್ತು ಚಿಲ್ಲರೆ ಮೈಲಿಗೆ ಎಕ್ಸೂಮಾದ ತಲೆಯಲ್ಲಿರುವ ಅಲೆನ್ಸ್ ಕೇ. ಈ ಕೊನೆಯ ತುಂಡಿನಲ್ಲಿ ಯೆಲ್ಲೋ ಬ್ಯಾಂಕ್ ಎಂಬ ಜಾಗದ ತುಂಬ ಹವಳದ ಗುಡ್ಡೆಗಳು ಚದುರಿಕೊಂಡಿವೆ. ನಕ್ಷೆ ಪ್ರತಿಯೊಂದನ್ನೂ ತೋರಿಸುವುದಿಲ್ಲ. ಕಣ್ಣೇ ದಾರಿ. ಕಡುನೀಲಿ ಅಂದರೆ ಆಳ, ತಿಳಿಹಸಿರು ಅಂದರೆ ದೋಣಿಗೆ ಸಾಕಾಗುವಷ್ಟು ನೀರು, ಬಿಳಿ ಅಂದರೆ ಮರಳು ಮೇಲಕ್ಕೆ ಬಂದಿದೆ, ಕಂದು ಅಂದರೆ ಹವಳ ಇಲ್ಲವೇ ಕಡಲಹುಲ್ಲು. ಮೋಡದ ನೆರಳೂ ಕಪ್ಪಗೇ ಕಾಣುತ್ತದೆ, ಆದರೆ ಅದು ಚಲಿಸುತ್ತದೆ. ಈ ಬಣ್ಣಗಳು ಕಾಣಬೇಕಾದರೆ ಸೂರ್ಯ ನೆತ್ತಿಯ ಮೇಲೆ ಅಥವಾ ಬೆನ್ನಿಗೆ ಇರಬೇಕು. ಪೋಲರಾಯ್ಡ್ ಕನ್ನಡಕ ಹಾಕಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ ಪೂರ್ವಕ್ಕೆ ಹೋದರೆ ಕಣ್ಣಿಗೆ ಬೀಳುವುದು ಬರೀ ಬೆಳ್ಳಿಯ ಹೊಳಪು. ಹಾಗಾಗಿ ಇಂಥ ಕಡೆ ಹತ್ತರಿಂದ ಮೂರರ ನಡುವೆ ದಾಟುವಂತೆ ಹಿಂದಕ್ಕೆ ಲೆಕ್ಕ ಹಾಕಿ ಹೊರಡಬೇಕು.

ಇಂಥ ನೀರಿನಲ್ಲಿ ಪುಟ್ಟ ದೋಣಿಗೆ ಇರುವ ದೊಡ್ಡ ಅನುಕೂಲ ಅದರ ಕೆಳಭಾಗ. ನೀರಿನೊಳಗೆ ಒಂದು ಮೀಟರ್ ಮಾತ್ರ ಇಳಿಯುವ ದೋಣಿ, ಎರಡು ಮೀಟರ್ ಇಳಿಯುವ ದೊಡ್ಡ ದೋಣಿ ಹತ್ತಿರವೂ ಸುಳಿಯಲಾಗದ ಮೂಲೆಯಲ್ಲಿ ಹೋಗಿ ಅಡಗಬಹುದು. ಗಲ್ಫ್ ಸ್ಟ್ರೀಮ್‌ನಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಗಳಿಸುತ್ತೇವೆ.

ಲಂಗರು ಎಲ್ಲಿ ಹಾಕುವುದು

ಎಕ್ಸೂಮಾ ವಾಯವ್ಯದಿಂದ ಆಗ್ನೇಯಕ್ಕೆ ಸಾಲಾಗಿ ಬಿದ್ದಿರುವ 365ರಷ್ಟು ಪುಟ್ಟ ದ್ವೀಪಗಳ ಮಾಲೆ. ಪೂರ್ವಕ್ಕೆ ಸಾವಿರ ಮೀಟರಿಗೂ ಮೀರಿದ ಆಳದ ಎಕ್ಸೂಮಾ ಸೌಂಡ್. ಪಶ್ಚಿಮಕ್ಕೆ ಆಳವಿಲ್ಲದ ದಿಬ್ಬ. ಗಾಳಿ ಹೆಚ್ಚು ದಿನ ಪೂರ್ವದಿಂದ ಬೀಸುವುದರಿಂದ ಎಲ್ಲರೂ ದ್ವೀಪಗಳ ಪಶ್ಚಿಮ ಮಗ್ಗುಲಲ್ಲಿ ನಿಲ್ಲುತ್ತಾರೆ. ದ್ವೀಪವೇ ಗಾಳಿಗೆ ಅಡ್ಡ, ನೀರು ಕೊಳದ ಹಾಗೆ ನಿಶ್ಚಲ. ಆದರೆ ಫ್ರಂಟ್ ಬಂದ ರಾತ್ರಿ ಗಾಳಿ ತಿರುಗಿ ಪಶ್ಚಿಮದಿಂದ ಬೀಸುತ್ತದೆ. ಆಗ ಅದೇ ಜಾಗದಲ್ಲಿ ಅಡ್ಡವೇ ಇರುವುದಿಲ್ಲ. ಮೈಲಿಗಟ್ಟಲೆ ತೆರೆದ ನೀರಿನ ಮೇಲಿಂದ ಅಲೆ ಎದ್ದು ಬರುತ್ತದೆ, ಬೆನ್ನಿಗೆ ಬಂಡೆ. ಪಶ್ಚಿಮದ ಗಾಳಿ ಇರುವುದು ಕೆಲವೇ ಗಂಟೆ. ದೋಣಿ ಬಂಡೆಗೆ ಬಡಿಯಲು ಅಷ್ಟೇ ಸಾಕು.

ಹಾಗಾಗಿ ಸಾಲಿನಲ್ಲಿ ಪಶ್ಚಿಮಕ್ಕೂ ಮರೆಯಿರುವ ಜಾಗಗಳನ್ನು ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಅವು ಬೆರಳೆಣಿಕೆಯಷ್ಟು. ಒಂದರಿಂದ ಇನ್ನೊಂದಕ್ಕೆ ಒಂದು ದಿನದ ದಾರಿಗಿಂತ ಜಾಸ್ತಿ ದೂರ ಹೋಗದ ಹಾಗೆ ಯಾನವನ್ನು ಹೆಣೆಯಬೇಕು. ಫ್ರಂಟ್ ಬರುವ ಮುನ್ನಾದಿನ ಮಧ್ಯಾಹ್ನದೊಳಗೆ ಅಲ್ಲಿಗೆ ಸೇರಿಕೊಳ್ಳಬೇಕು. ಸಂಜೆ ಹೋದರೆ ಜಾಗ ಇರುವುದಿಲ್ಲ, ಉಳಿದವರೂ ಅದೇ ಮುನ್ಸೂಚನೆ ಓದಿರುತ್ತಾರೆ. ಎಕ್ಸೂಮಾ ಕೇಸ್ ಲ್ಯಾಂಡ್ ಅಂಡ್ ಸೀ ಪಾರ್ಕ್‌ನ ಮುಖ್ಯ ಕಚೇರಿ ಇರುವ ವಾರ್ಡರಿಕ್ ವೆಲ್ಸ್‌ನಲ್ಲಿ ಬಾಡಿಗೆಗೆ ಕಟ್ಟುಬೋಯ್‌ಗಳಿವೆ, ಅಂದರೆ ದೋಣಿ ಕಟ್ಟಲು ತಳಕ್ಕೆ ಬಿಗಿದ ತೇಲುಬುರುಡೆಗಳು. 1958ರಲ್ಲಿ ಶುರುವಾದ ಈ ರಕ್ಷಿತ ಪ್ರದೇಶದಲ್ಲಿ ಮೀನು ಹಿಡಿಯುವುದೂ ಶಂಖ ಎತ್ತುವುದೂ ನಿಷಿದ್ಧ.

ಎಷ್ಟು ಹಗ್ಗ ಬಿಡಬೇಕು ಎನ್ನುವುದರಲ್ಲಿ ಹೊಸಬರು ಎಡವುತ್ತಾರೆ. ನೀರಿನ ಆಳ 3 ಮೀಟರ್ ಎಂದುಕೊಳ್ಳಿ. ಉಬ್ಬರಕ್ಕೆ ಇನ್ನೊಂದು ಮೀಟರ್ ಏರುತ್ತದೆ. ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲಿದೆ. ಲೆಕ್ಕಕ್ಕೆ ಬರುವ ಆಳ 5 ಮೀಟರ್. ಸರಪಳಿಯ ಜೊತೆ ಹಗ್ಗ ಇದ್ದರೆ ಅದರ ಏಳು ಪಟ್ಟು, 35 ಮೀಟರ್ ಬಿಡಬೇಕು. ಪೂರ್ತಿ ಸರಪಳಿಯಾದರೆ ಐದು ಪಟ್ಟು ಸಾಕು. ಆಮೇಲೆ ಈಜುಗನ್ನಡಕ ಹಾಕಿ ನೀರಿಗಿಳಿದು ಲಂಗರು ಮರಳಲ್ಲಿ ಹೂತಿದೆಯೇ ಎಂದು ಕಣ್ಣಾರೆ ನೋಡಿ. ಬಹಾಮಾಸ್‌ನಲ್ಲಿ ಎಷ್ಟೋ ಕಡೆ ಮರಳು ಅಂಗೈ ದಪ್ಪ, ಕೆಳಗೆ ಕಲ್ಲು. ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನೀರು ಆ ಕಡೆ ಈ ಕಡೆ ಜೋರಾಗಿ ಹರಿಯುವ ಕಿರಿದಾದ ಜಾಗದಲ್ಲಿ ಎರಡು ಲಂಗರುಗಳನ್ನು ವಿರುದ್ಧ ದಿಕ್ಕಿಗೆ ಹಾಕುತ್ತಾರೆ. ಅದಕ್ಕೆ ಬಹಾಮಿಯನ್ ಮೂರ್ ಎಂದೇ ಹೆಸರು.

ದ್ವೀಪಗಳ ನಡುವಿನ ಇಕ್ಕಟ್ಟಾದ ಬಾಯಿಗಳಿಗೆ ಕಟ್ ಎನ್ನುತ್ತಾರೆ. ಇಳಿತದಲ್ಲಿ ದಿಬ್ಬದ ನೀರೆಲ್ಲ ಈ ಬಾಯಿಗಳ ಮೂಲಕ ಪೂರ್ವದ ಆಳ ಸಮುದ್ರಕ್ಕೆ ನುಗ್ಗುತ್ತದೆ. ಎದುರಿಗೆ ಪೂರ್ವದ ಗಾಳಿ ಜೋರಾಗಿದ್ದರೆ ಬಾಯಲ್ಲೇ ಅಲೆಗಳು ಮುರಿದು ಬೀಳುತ್ತವೆ. ಅಲ್ಲಿನವರು ಇದಕ್ಕೆ ರೇಜ್ ಎನ್ನುತ್ತಾರೆ. ಗಲ್ಫ್ ಸ್ಟ್ರೀಮ್‌ನಲ್ಲಿ ಉತ್ತರದ ಗಾಳಿ ಮಾಡುವ ಕೆಲಸವೇ ಇಲ್ಲಿ ಚಿಕ್ಕ ಜಾಗದಲ್ಲಿ ನಡೆಯುತ್ತದೆ. ಉಬ್ಬರ ಇಳಿತಗಳ ನಡುವೆ ನೀರು ನಿಂತ ಹೊತ್ತು ನೋಡಿ ದಾಟಬೇಕು.

ನೀರು, ಕರೆಂಟು, ದಿನಸಿ

ಸುಣ್ಣಕಲ್ಲಿನ ಈ ಪುಟ್ಟ ದ್ವೀಪಗಳಲ್ಲಿ ಸಿಹಿನೀರಿನ ಹೊಳೆ ಇಲ್ಲ. ಹಲವು ಕಡೆ ಸಮುದ್ರದ ನೀರನ್ನೇ ಸೋಸಿ ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಾರೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಇಟ್ಟುಕೊಂಡರೂ ಇಬ್ಬರಿಗೆ ಹದಿನೈದು ದಿನಕ್ಕೆ 120 ಲೀಟರ್. ಪಾತ್ರೆ ತೊಳೆಯುವುದು, ಮೈ ತೊಳೆಯುವುದು ಉಪ್ಪುನೀರಲ್ಲೇ. 120 ಲೀಟರ್ ಅಂದರೆ 120 ಕಿಲೋ ಎಂಬುದೂ ನೆನಪಿರಲಿ. ಅದನ್ನು ದೋಣಿಯ ನಡುವೆ, ತಳದಲ್ಲಿಡಿ.

ವಿದ್ಯುತ್ತನ್ನು ಹೆಚ್ಚು ತಿನ್ನುವುದು ಫ್ರಿಜ್. ಸಣ್ಣ 12 ವೋಲ್ಟ್ ಫ್ರಿಜ್ ದಿನಕ್ಕೆ ಬ್ಯಾಟರಿಯಿಂದ 40ಕ್ಕಿಂತ ಜಾಸ್ತಿ ಆಂಪಿಯರ್-ಅವರ್ (ಬ್ಯಾಟರಿಯ ವಿದ್ಯುತ್ ಅಳೆಯುವ ಮಾನ) ಕೇಳಬಹುದು. 100 ವ್ಯಾಟ್ ಸೌರಫಲಕ ಚಳಿಗಾಲದಲ್ಲಿ ಕೊಡುವುದು 30ರ ಸುತ್ತಮುತ್ತ. ಎರಡು ಫಲಕ ಹಾಕಿ, ಇಲ್ಲವೇ ಫ್ರಿಜ್ ಆಸೆ ಬಿಡಿ.

ದಿನಸಿ ಫ್ಲೋರಿಡಾದಲ್ಲೇ ತುಂಬಿಕೊಳ್ಳುವುದು ಲಾಭ. ಬಹಾಮಿಯನ್ ಡಾಲರ್ ಅಮೆರಿಕನ್ ಡಾಲರಿಗೆ ಸಮ, ಆದರೆ ಅಂಗಡಿಗೆ ಬರುವ ಸಾಮಾನೆಲ್ಲ ಹಡಗಿನಲ್ಲೇ ಬರಬೇಕು, ಬೆಲೆ ಜಾಸ್ತಿ. ತಾಜಾ ತರಕಾರಿ ಬೇಕಿದ್ದರೆ ದ್ವೀಪಗಳಿಗೆ ಟಪಾಲು, ಸಾಮಾನು ತರುವ ಮೇಲ್‌ಬೋಟ್ ಬರುವ ದಿನ ವಿಚಾರಿಸಿ ಆ ದಿನವೇ ಅಂಗಡಿಗೆ ಹೋಗಿ.

ಸುರಕ್ಷೆಗೆ ಒಂದು ವಸ್ತುವಿನಲ್ಲಿ ಮಾತ್ರ ಜಿಪುಣತನ ಬೇಡ. ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ತುರ್ತು ಸಂಕೇತ ಕಳಿಸುವ ಸಾಧನ, ಇಪಿರ್ಬ್. ವಿಎಚ್‌ಎಫ್ ರೇಡಿಯೋ ಹತ್ತಿರದ ದೋಣಿಗಳಿಗಷ್ಟೇ ಮುಟ್ಟುತ್ತದೆ. ಫ್ಲೋರಿಡಾದ ಹವಾಮಾನ ಪ್ರಸಾರವೂ ಬಿಮಿನಿ ಆಚೆ ಕ್ಷೀಣವಾಗುತ್ತದೆ. ಆಮೇಲೆ ಮುನ್ಸೂಚನೆ ಹೇಗೆ ಪಡೆಯುತ್ತೀರಿ, ಉಪಗ್ರಹ ಸಾಧನವೋ ಶಾರ್ಟ್‌ವೇವ್ ರಿಸೀವರೋ ಎಂಬುದನ್ನು ದಡದಲ್ಲಿರುವಾಗಲೇ ತೀರ್ಮಾನಿಸಿ.

ಕಾಗದಪತ್ರ, ವಾಪಸ್

ಬಹಾಮಾಸ್ ಬೇರೆ ದೇಶ. ಬಂದರು ಸೇರಿದ ಕೂಡಲೇ ಹಳದಿ ಬಾವುಟ ಏರಿಸಿ, ಕ್ಯಾಪ್ಟನ್ ಒಬ್ಬರೇ ಇಳಿದು ಕಸ್ಟಮ್ಸ್, ಇಮಿಗ್ರೇಶನ್ ಮುಗಿಸಬೇಕು. ಉಳಿದವರು ದೋಣಿಯಲ್ಲೇ ಇರಬೇಕು. ಪರವಾನಗಿ ಸಿಕ್ಕಮೇಲೆ ಹಳದಿ ಇಳಿಸಿ ಬಹಾಮಾಸ್ ಬಾವುಟ ಹಾರಿಸುವುದು ಕ್ರಮ. ಶುಲ್ಕ ಬದಲಾಗುತ್ತಿರುತ್ತದೆ, ಹೊರಡುವ ವಾರ ಸರ್ಕಾರಿ ತಾಣದಲ್ಲೇ ನೋಡಿಕೊಳ್ಳಿ.

ವಾಪಸಾತಿಯನ್ನು ಕೊನೆಗೆ ಬಿಡಬೇಡಿ. ಎಕ್ಸೂಮಾದ ತುದಿಯಲ್ಲಿರುವ ಜಾರ್ಜ್ ಟೌನ್‌ನಿಂದ ಫ್ಲೋರಿಡಾಕ್ಕೆ ಪೂರ್ವದ ಗಾಳಿ ಬೆನ್ನಿಗಿರುತ್ತದೆ, ಹೋಗುವಾಗಿನ ಹೆಣಗಾಟ ಇರುವುದಿಲ್ಲ. ಆದರೂ ದಾಟಲು ಕಿಟಕಿ ಕಾಯಲೇಬೇಕು. ಮೇ ಮಧ್ಯದೊಳಗೆ ಬಿಮಿನಿಯಲ್ಲಿ ಇರುವ ಹಾಗೆ ನೋಡಿಕೊಂಡರೆ ಜೂನ್ 1ಕ್ಕೆ ಮುಂಚೆ ಎರಡು ವಾರ ಕೈಯಲ್ಲಿರುತ್ತದೆ. ಈ ಬಾರಿ ಪ್ರವಾಹವೂ ನಮ್ಮ ಪರ. ಬಿಮಿನಿಯಿಂದ ಮಯಾಮಿಗೆ ಗುರಿ ಇಡದೆ, ಅದು ಒಯ್ಯುವ ಕಡೆಗೆ ಉತ್ತರದ ಫೋರ್ಟ್ ಲಾಡರ್‌ಡೇಲ್‌ಗೋ ಲೇಕ್ ವರ್ತ್‌ಗೋ ಹೋದರೆ 5 ನಾಟ್ ದೋಣಿಯ ಜಿಪಿಎಸ್‌ನಲ್ಲಿ 6, 7 ನಾಟ್ ಕಾಣಿಸುತ್ತದೆ. ದಡ ಮುಟ್ಟಿದ ತಕ್ಷಣ ಅಮೆರಿಕದ ಕಸ್ಟಮ್ಸ್‌ಗೆ ವರದಿ ಮಾಡಬೇಕು. ಅಮೆರಿಕದವರಲ್ಲದ ಸಿಬ್ಬಂದಿ ಇದ್ದರೆ ಅವರ ವೀಸಾ ಮತ್ತೊಮ್ಮೆ ಒಳಬರಲು ನಡೆಯುತ್ತದೆಯೇ ಎಂಬುದನ್ನು ಬಿಮಿನಿಗೆ ಹೊರಡುವ ಮೊದಲೇ ಖಚಿತ ಮಾಡಿಕೊಂಡಿರಬೇಕು.